ಒಂಬತ್ತು ದಿನದ ಮಣಿ

ಬನಹಟ್ಟಿಯ ನಕ್ಷೆ ಬೆಳ್ಳಗಾಗುತ್ತ ಬಂದದ್ದನ್ನು ಮೊದಲು ಕಂಡವಳು ನಾನು. ಕಂಡು ಸಂತೋಷಪಟ್ಟವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಈ ಕಥೆಯಲ್ಲಿ ನಾನು ಬಹಳ ಜಾಣೆಯಂತೆ ಕಾಣುವುದು ಬೇಡ.

ಧಾರವಾಡದ ನಮ್ಮ ಸಂಶೋಧನಾ ಕೇಂದ್ರದ ಎರಡನೇ ಮಹಡಿಯಲ್ಲಿ ಗೋಡೆಯ ತುಂಬ ಒಂದು ಪರದೆ ಇದೆ. ಅದರ ಮೇಲೆ ಈ ಭಾಗದ ಅಷ್ಟೂ ಊರುಗಳು. ಎರಡು ವರ್ಷ ತುಂಬಿದ ಪ್ರತಿಯೊಂದು ಮಗುವೂ ಅಲ್ಲೊಂದು ಚುಕ್ಕೆ. ಆಟಿಸಂ ಇರುವ ಮಗು ಹಳದಿ, ಇಲ್ಲದ ಮಗು ಬಿಳಿ. ಅರವತ್ತು ಮಕ್ಕಳಿಗೆ ಒಂದು ಹಳದಿ ಚುಕ್ಕೆ, ಯಾವ ಊರು ನೋಡಿದರೂ ಹೆಚ್ಚುಕಡಿಮೆ ಅಷ್ಟೇ. ಬನಹಟ್ಟಿಯಲ್ಲಿ ಮಾತ್ರ ಮೂರು ವರ್ಷದಿಂದ ಹಳದಿ ಇಳಿಯುತ್ತ ಇಳಿಯುತ್ತ ನೂರೈವತ್ತಕ್ಕೆ ಒಂದಾಗಿತ್ತು.

ಮಣಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಹುಣಸೆ ಬೀಜದಷ್ಟಿರುವ ಮಣಿ ಅದು. ಕೂಸಿಗೆ ಆರು ತಿಂಗಳಾದಾಗ ಅಂಗನವಾಡಿಯಲ್ಲಿ ಅದನ್ನು ಕೊಡುತ್ತಾರೆ, ಮನೆಯವರು ಉಡದಾರಕ್ಕೆ ಪೋಣಿಸಿ ಕಟ್ಟಬೇಕು. ನಮ್ಮ ಕಡೆ ಉಡದಾರವಿಲ್ಲದ ಕೂಸಿಲ್ಲ, ಆದ್ದರಿಂದ ಬೇರೆ ಪಟ್ಟಿ ಗಿಟ್ಟಿ ಮಾಡುವ ರಗಳೆ ನಮಗೆ ತಪ್ಪಿತು. ಮಣಿಗೆ ಮಾತು ತಿಳಿಯುವುದಿಲ್ಲ, ಯಾರ ಮನೆಯ ಗುಟ್ಟೂ ಅದಕ್ಕೆ ಬೇಕಾಗಿಲ್ಲ. ಅವ್ವ ಒಮ್ಮೆ "ಊಂ" ಅಂದರೆ ಕೂಸು ತಾನೂ ಒಮ್ಮೆ "ಊಂ" ಅನ್ನುತ್ತದಲ್ಲ, ಆ ಕೊಟ್ಟು ತೆಗೆದುಕೊಳ್ಳುವ ಆಟವನ್ನು ಮಾತ್ರ ಅದು ಗುರುತು ಹಾಕಿಕೊಳ್ಳುತ್ತದೆ. ಕರೆದಾಗ ಓಗೊಟ್ಟಿತೇ, ಎಷ್ಟು ಹೊತ್ತಿಗೆ, ತಾನಾಗಿ ಯಾರನ್ನಾದರೂ ಕರೆಯಿತೇ, ನಕ್ಕಿತೇ, ಇಷ್ಟೇ. ಕಟ್ಟಿ ಹದಿನೆಂಟು ತಿಂಗಳಾದ ಮೇಲೆ ಮಣಿ ಬಿಚ್ಚಿ ಓದಿದರೆ ಆಟಿಸಂ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಇಲ್ಲದ ಮಗುವಿಗೆ ಬಿಳಿ ಚೀಟಿ, ಇರುವ ಮಗುವಿಗೆ ಹಳದಿ ಚೀಟಿ.

ಹಳದಿ ಚೀಟಿ ಬಂದ ಮನೆಗೆ ವಾರಕ್ಕೆ ಐದು ದಿನ ಒಬ್ಬ ಆಟದಕ್ಕ ಬರುತ್ತಾಳೆ. ಮಗುವಿಗೆ ಐದು ವರ್ಷ ತುಂಬುವವರೆಗೆ. ಅದರ ಜೊತೆ ನೆಲದ ಮೇಲೆ ಕೂತು, ಅದು ಏನು ಮಾಡುತ್ತದೋ ಅದನ್ನೇ ತಾನೂ ಮಾಡುತ್ತ, ಮೆಲ್ಲಗೆ ಅದರ ಲೋಕಕ್ಕೂ ನಮ್ಮ ಲೋಕಕ್ಕೂ ನಡುವೆ ಒಂದು ದಾರಿ ಮಾಡುತ್ತಾಳೆ. ಕೆಲವು ಮಕ್ಕಳಿಗೆ ಮಾತಿನಿಂದ, ಕೆಲವಕ್ಕೆ ಚಿತ್ರದಿಂದ, ಕೆಲವಕ್ಕೆ ಕೈಸನ್ನೆಯಿಂದ. ಆಟಿಸಂ ಹೋಗುವುದಿಲ್ಲ, ಹೋಗಲೇಬೇಕಾದ ರೋಗವೂ ಅದಲ್ಲ. ಆದರೆ ಹಸಿವಾಗಿದೆ, ಕಿವಿ ನೋಯುತ್ತಿದೆ, ನನಗೆ ಹೆದರಿಕೆ ಆಗುತ್ತಿದೆ ಎಂದು ತಿಳಿಸಲು ಬಂದ ಮಗುವಿಗೂ ಬಾರದ ಮಗುವಿಗೂ ಬದುಕು ಒಂದೇ ಅಲ್ಲ. ಬೇಗ ಶುರುಮಾಡಿದಷ್ಟೂ ಆ ದಾರಿ ಚೆನ್ನಾಗಿ ಆಗುತ್ತದೆ.

ಬನಹಟ್ಟಿಯ ಸುದ್ದಿ ಹೊರಗೆ ಬಿದ್ದದ್ದೇ ಎಲ್ಲರೂ ಪಂಡಿತರಾದರು. ಅಲ್ಲಿಯ ನೀರು ಅಂದರು, ಸಜ್ಜೆ ರೊಟ್ಟಿ ಅಂದರು. ಮಗ್ಗದ ಸದ್ದು ಕೂಸಿನ ಮಿದುಳನ್ನು ಚುರುಕು ಮಾಡುತ್ತದೆ ಎಂದು ಒಬ್ಬರು ಟೀವಿಯಲ್ಲಿ ಅರ್ಧ ಗಂಟೆ ಹೇಳಿದರು. ನಮ್ಮ ನಿರ್ದೇಶಕ ಡಾ. ಚಂದ್ರಮೌಳಿಯವರು ಒಂದು ದಿನ ನನ್ನನ್ನು ಕರೆಸಿದರು. ಮೈಸೂರಿನವರು, ಮೆದು ಮಾತಿನವರು. ಇಪ್ಪತ್ತು ವರ್ಷ ಈ ಮಕ್ಕಳಿಗಾಗಿಯೇ ದುಡಿದವರು.

"ಶೈಲಜಾ ಅವರೇ, ಬನಹಟ್ಟಿಯಲ್ಲಿ ಇಪ್ಪತ್ತು ಜನ ಆಟದಕ್ಕಂದಿರಿದ್ದಾರೆ. ಈಗಿನ ಲೆಕ್ಕಕ್ಕೆ ಎಂಟು ಜನ ಸಾಕು. ಉಳಿದವರನ್ನ ಬೇರೆ ತಾಲ್ಲೂಕಿಗೆ ಕಳಿಸೋಣ ಅಂತ ಮೇಲಿನವರು ಕೇಳ್ತಿದಾರೆ. ನಿಮ್ಮ ವರದಿ ಬಂದ್ರೆ ಆದೇಶ ಹೊರಡುತ್ತೆ."

"ಕಾರಣ ಇನ್ನೂ ಗೊತ್ತಾಗಿಲ್ಲರಿ ಸರ್."

"ಕಾರಣ ನಿಧಾನಕ್ಕೆ ಹುಡುಕಿ. ಸಂಖ್ಯೆ ಸರಿ ಇದೆ ತಾನೆ?"

ಸಂಖ್ಯೆ ಸರಿ ಇದೆ ಎಂದು ಹೇಳಿ ಬಂದೆ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಸಂಖ್ಯೆಯನ್ನು ಹಿಗ್ಗಿಸಿದ್ದಿಲ್ಲ, ಕುಗ್ಗಿಸಿದ್ದಿಲ್ಲ. ಆ ಒಂದು ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕೇ ಇತ್ತು ಅಂತ ಇಟ್ಟುಕೊಳ್ಳಿ.

ಆದರೆ ಮನಸ್ಸು ಒಪ್ಪಲಿಲ್ಲ. ಮೂರು ವರ್ಷದಲ್ಲಿ ಆ ಊರಿನ ಮೂರು ಸಾವಿರದ ಆರುನೂರು ಮಕ್ಕಳ ಮಣಿ ಓದಿದ್ದೆವು. ಅರವತ್ತು ಹಳದಿ ಬರಬೇಕಿತ್ತು, ಬಂದದ್ದು ಇಪ್ಪತ್ತನಾಲ್ಕು. ಮೂವತ್ತಾರು ಮಕ್ಕಳು ಎಲ್ಲಿ ಹೋದರು? ವರದಿ ಬದಿಗಿಟ್ಟು ಒಂದೊಂದೇ ಮಣಿಯ ಗುರುತುಗಳನ್ನು ತೆಗೆದು ನೋಡುತ್ತ ಕೂತೆ. ನಾಲ್ಕನೇ ದಿನ ಮಧ್ಯಾಹ್ನ ಊಟಕ್ಕೆ ಏಳಬೇಕು ಅನ್ನುವಾಗ ಕಣ್ಣಿಗೆ ಬಿತ್ತು. ನೇಕಾರ ಓಣಿಯ ಎರಡು ಮಕ್ಕಳು ಒಂದೇ ಕ್ಷಣಕ್ಕೆ ನಕ್ಕಿದ್ದವು. ಮರುದಿನವೂ ಒಂದೇ ಕ್ಷಣಕ್ಕೆ. ವರ್ಷವಿಡೀ ಒಂದೇ ಕ್ಷಣಕ್ಕೆ ಕೂಗಿದ್ದವು, ಒಂದೇ ಕ್ಷಣಕ್ಕೆ ಓಗೊಟ್ಟಿದ್ದವು. ಅವಳಿ ಇರಬೇಕೆಂದು ವಿಳಾಸ ತೆಗೆದೆ. ಅವಳಿ ಅಲ್ಲ, ಆರು ತಿಂಗಳು ಹಿಂದುಮುಂದಿನ ಕೂಸುಗಳು. ಸಂಜೆಯೊಳಗೆ ಅದೇ ಓಣಿಯಲ್ಲಿ ಅದೇ ನಗುವಿನ ಇನ್ನೂ ಮೂರು ಮಣಿ ಸಿಕ್ಕವು. ಐದರಲ್ಲಿ ಮೊದಲು ಕಟ್ಟಿದ ಮಣಿ ಸಮರ್ಥ ಎಂಬ ಮಗುವಿನದು. ಆ ಒಂದು ಮಗು ನಮ್ಮ ನಕ್ಷೆಯಲ್ಲಿ ಐದು ಮಕ್ಕಳಾಗಿ ಕೂತಿತ್ತು.

ಮನೆಯಲ್ಲಿ ಊಟದ ಹೊತ್ತಿಗೆ ಯಜಮಾನರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತ, "ಒಂದು ಕೂಸಿಗೆ ಐದು ಆಧಾರ್ ಕಾರ್ಡ್ ಮಾಡ್ಸಿದಂಗ ಆತು ನಿಮ್ಮ ಸಂಶೋಧನಾ," ಅಂದರು.

"ನಗಬ್ಯಾಡ್ರಿ. ಉಳಿದ ನಾಲ್ಕು ಕೂಸು ಎಲ್ಲ್ಯವ ಅಂತ ನನಗ ತಿಳೀವಲ್ತು."

"ಇಲ್ಲಿ ಕೂತು ತಿಳಿಯೂದಿಲ್ಲ. ಬಸ್ ಹತ್ತು."

ಮರುದಿನ ಬೆಳಿಗ್ಗೆ ಬಸ್ ಹತ್ತಿದೆ.

ಬನಹಟ್ಟಿಯ ನೇಕಾರ ಓಣಿಗೆ ಹೋದವರಿಗೆ ಗೊತ್ತಿರುತ್ತದೆ, ಅಲ್ಲಿ ಮನೆಗೂ ಮನೆಗೂ ಒಂದೇ ಗೋಡೆ, ಗೋಡೆಯ ಆಚೆ ಈಚೆ ಮಗ್ಗ. ಸದ್ದಿನಲ್ಲಿ ಮಾತಾಡಿ ಮಾತಾಡಿ ಜನರ ಗಂಟಲು ದೊಡ್ಡದಾಗಿರುತ್ತದೆ. ಅಂಗನವಾಡಿಯ ಶಾಂತಕ್ಕ ನನ್ನನ್ನು ಸಮರ್ಥನ ಮನೆಗೆ ಕರೆದುಕೊಂಡು ಹೋದಳು. ಮುಂದಿನ ಪಡಸಾಲೆಯಲ್ಲಿ ನಾಲ್ಕು ಮಗ್ಗ, ಹಿಂದೆ ಅಂಗಳ, ಅಂಗಳದ ಸುತ್ತ ಅಣ್ಣತಮ್ಮಂದಿರ ಕೋಣೆಗಳು. ಅಲ್ಲಿ ಐದು ವರ್ಷದ ಒಬ್ಬ ಹುಡುಗ ಓಣಿಯ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಬಸ್ ಕಂಡಕ್ಟರ್ ಆಗಿ ಗದ್ದಲ ಎಬ್ಬಿಸಿದ್ದ. ಹೆಸರು ಕೇಳುವ ಮೊದಲೇ ಅವನ ನಗು ನನಗೆ ಗುರುತು ಸಿಕ್ಕಿತು. ಹಿಂದಿನ ದಿನ ಮಧ್ಯಾಹ್ನದಿಂದ ಸಂಜೆಯವರೆಗೆ ಅದನ್ನೇ ಗೀಟುಗಳಲ್ಲಿ ನೋಡಿದ್ದೆ.

ಹುಡುಗನ ಅಜ್ಜಿ ಗಂಗವ್ವ ಚಹಾ ಕೊಟ್ಟಳು. ನಾನು ಸುತ್ತಿ ಬಳಸಿ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದೆ. ಅದೇನೂ ಬೇಕಾಗಲಿಲ್ಲ. ಮುದುಕಿ ಮುಚ್ಚಿಡುವಂಥದ್ದು ಏನಿದೆ ಎಂಬಂತೆ ಹೇಳಿದಳು.

"ಹೌದ್ರಿ ಬಾಯಾರ, ಕಟ್ಟೇವಿ. ನಮ್ಮ ಸಮರ್ಥ ಭಾಳ ಚೂಟಿ ನೋಡ್ರಿ. ಹೊಸಾ ಮಣಿ ತಂದ ಕೂಡ್ಲೆ ಮೊದಲ ಒಂಬತ್ತ ದಿನಾ ಇವನ ನಡಕ್ಕ ಕಟ್ಟೂದು. ಇವನ ಗುಣಾ ಮಣಿಗೆ ಹತ್ತಬೇಕಲ್ರಿ. ಹತ್ತನೇ ದಿನಾ ಬಿಚ್ಚಿ ಆ ಕೂಸಿಗೆ ಕಟ್ಟತೇವಿ."

"ಯಾರು ಹೇಳಿದ್ರು ಹಿಂಗ ಮಾಡ್ರಿ ಅಂತ?"

"ಹೇಳೂದೇನೈತ್ರಿ ಅದರಾಗ. ಹುಟ್ಟಿದ ಕೂಸಿಗೆ ಹೊಸಾ ಅಂಗಿ ಹಾಕ್ತಾರೇನ್ರಿ? ಗಟ್ಟಿಮುಟ್ಟ ಬೆಳದ ಕೂಸಿನ ಹಳೀ ಅಂಗಿ ಬೇಡಿ ತಂದು ಹಾಕ್ತೇವಿ. ಅದರಂಗ ಇದೂ ಬೆಳೀಲಿ ಅಂತ. ಮಣಿ ಕೂಸನ್ನ ಕಾಯ್ತೈತಿ ಅಂತ ನೀವ ಬರದು ಕೊಟ್ಟಿದ್ರಿ. ಕಾಯೂ ಮಣಿ ಚಲೋ ಕೈಯಿಂದ ಬರಲಿ ಅಂತ ನಾವು ಮಾಡಿದ್ವಿ."

ಶಾಂತಕ್ಕ ನೆಲ ನೋಡುತ್ತ ನಿಂತಿದ್ದಳು. ಆ ಕರಪತ್ರ ನನಗೆ ನೆನಪಿತ್ತು. ಮೊದಲ ವರ್ಷ ಯಾರೂ ಮಣಿ ಕಟ್ಟಿಸಿಕೊಳ್ಳಲು ಒಪ್ಪದಿದ್ದಾಗ "ಮಣಿ ನಿಮ್ಮ ಮಗುವನ್ನು ಕಾಯುತ್ತದೆ" ಎಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ ಹಂಚಿದ್ದೆವು. ಸಭೆಯಲ್ಲಿ ಅದಕ್ಕೆ ತಲೆಯಾಡಿಸಿದವರಲ್ಲಿ ನಾನೂ ಒಬ್ಬಳು.

ಮುದುಕಿಯನ್ನು ಕಂಡು ನಗುವ ಯೋಗ್ಯತೆಯೂ ನನಗಿರಲಿಲ್ಲ. ಹೋದ ತಿಂಗಳಷ್ಟೇ ನನ್ನ ತಂಗಿ ಮೊಮ್ಮಗಳಿಗೆಂದು ನನ್ನ ಮಗನ ಹಳೆಯ ಅಂಗಿ ಕೇಳಿದ್ದಳು. ಎಂ.ಎಸ್ಸಿ., ಪಿಎಚ್.ಡಿ. ಆದ ನಾನು ಅಟ್ಟದಿಂದ ಪೆಟ್ಟಿಗೆ ಇಳಿಸಿ, ಒಗೆದು, ಮಡಚಿ ಕೊಟ್ಟು ಬಂದಿದ್ದೆ. ಕೊಡುವಾಗ ಮನಸ್ಸಿನಲ್ಲಿ ಗಂಗವ್ವ ಅಂದ ಮಾತನ್ನೇ ಅಂದುಕೊಂಡಿದ್ದೆ.

ಈಗ ನನ್ನ ತಪ್ಪು ಹೇಳುತ್ತೇನೆ. ಮಣಿ ಬಂದ ಹೊಸತರಲ್ಲಿ ಇಂಥ ಓಣಿಗಳ ಮಕ್ಕಳಿಗೆಲ್ಲ ಹಳದಿ ಬರತೊಡಗಿತ್ತು. ಮಗ್ಗದ ಸದ್ದು, ಹತ್ತು ಮಕ್ಕಳ ಕೂಗು, ಇದರಲ್ಲಿ ತನ್ನ ಕೂಸಿನ ದನಿ ಯಾವುದೆಂದು ಮಣಿಗೆ ತಿಳಿಯುತ್ತಿರಲಿಲ್ಲ. ಆಗ ನಾನೊಂದು ನಿಯಮ ಬರೆದೆ. ಮೊದಲ ಏಳು ದಿನ ಮಣಿ ತನ್ನನ್ನು ಕಟ್ಟಿಕೊಂಡ ಕೂಸಿನ ದನಿಯನ್ನು ಕಲಿಯುತ್ತದೆ. ಎಂಟನೇ ದಿನದಿಂದ ಆ ದನಿಯೊಂದೇ ಅದಕ್ಕೆ ಕೂಸು, ಉಳಿದದ್ದೆಲ್ಲ ಗದ್ದಲ. ಗದ್ದಲವನ್ನು ತೆಗೆದು ಬೇರೆ ಕಡತದಲ್ಲಿ ಹಾಕು, ಲೆಕ್ಕಕ್ಕೆ ಹಿಡಿಯಬೇಡ. ಆ ನಿಯಮಕ್ಕೆ ನನಗೊಂದು ಪ್ರಶಸ್ತಿಯೂ ಬಂತು, ಫಲಕ ಮನೆಯಲ್ಲಿದೆ. ಏಳು ದಿನ ನಾನು ಇಟ್ಟದ್ದು, ಒಂಬತ್ತು ದಿನ ಅವರು ಕಟ್ಟಿದ್ದು.

ಹಾಗೆ ಸಮರ್ಥನನ್ನು ಕಲಿತ ಮಣಿ ಇನ್ನೊಂದು ಕೂಸಿನ ನಡುವಿಗೆ ಹೋಗಿ, ಅದೇ ಅಂಗಳದಲ್ಲಿ ಆಡುವ ಸಮರ್ಥನನ್ನೇ ಹದಿನೆಂಟು ತಿಂಗಳು ಕೇಳುತ್ತ ಕೂತಿತ್ತು. ಕಟ್ಟಿಕೊಂಡ ಕೂಸು ಅದಕ್ಕೆ ಗದ್ದಲವಾಗಿತ್ತು.

"ಈ ಮನ್ಯಾಗ ಇನ್ನೊಂದು ಕೂಸು ಐತೇನು?" ಎಂದು ಕೇಳಿದೆ.

"ನಮ್ಮ ಹಿರೀ ಸೊಸೀ ಮಗಳ ಅದಾಳ್ರಿ, ಭುವನಾ," ಎಂದು ಗಂಗವ್ವ ದನಿ ಇಳಿಸಿದಳು. "ಸ್ವಲ್ಪ ಹಟಮಾರಿ. ಚೀಟಿ ಏನೋ ಬಿಳೀದ ಐತ್ರಿ."

ಭುವನಾ ಪಡಸಾಲೆಯಲ್ಲಿ ನಡೆಯುತ್ತಿದ್ದ ಮಗ್ಗದ ಹಿಂದೆ, ಗೋಡೆಗೆ ಕೆನ್ನೆಯೊತ್ತಿ ನಿಂತಿದ್ದಳು. ನಾಲ್ಕು ವರ್ಷ ಎಂಟು ತಿಂಗಳಿನ ಹುಡುಗಿ, ಎರಡು ಜಡೆ, ಹಣೆಯಲ್ಲಿ ದೊಡ್ಡ ಕುಂಕುಮ. ಮಗ್ಗದ ಒಂದೊಂದು ಹೊಡೆತಕ್ಕೂ ಗೋಡೆ ಅದುರುತ್ತಿತ್ತು, ಅದುರಿದಾಗ ಅವಳ ಮುಖ ಅರಳುತ್ತಿತ್ತು. ಪಕ್ಕದಲ್ಲಿ ನೂಲು ಸುತ್ತುತ್ತ ಕೂತಿದ್ದ ಅವಳ ಅವ್ವ ಮಹಾನಂದಾ ನನ್ನನ್ನು ನೋಡಿ ಎದ್ದಳು. ನಾನು ಯಾರು, ಎಲ್ಲಿಂದ ಬಂದೆ ಎಂದು ತಿಳಿದ ಕೂಡಲೇ ಒಳಗೆ ಹೋಗಿ ಪ್ಲಾಸ್ಟಿಕ್ ಹಾಕಿಸಿದ ಬಿಳಿ ಚೀಟಿ ತಂದು ನನ್ನ ಕೈಯಲ್ಲಿಟ್ಟಳು.

"ಇದು ಖರೇನ ಐತೇನ್ರಿ ಮೇಡಮ್ಮಾರ?"

ನಾನು ಚೀಟಿಯನ್ನು ತಿರುವಿ ನೋಡಿದೆ.

"ಈಕಿ ಒಂದು ವರ್ಷದಾಕಿ ಇದ್ದಾಗಿಂದ ನನಗ ಗೊತ್ತೈತ್ರಿ. ಕರದ್ರ ನೋಡೂದಿಲ್ಲ. ಬಿದ್ರ ಅತ್ತ ಬರೂದಿಲ್ಲ, ಅಲ್ಲೇ ಕೂತು ಅಳತಾಳ. ಹೋದ ವರ್ಷ ಮೂರ ದಿನಾ ಚೀರಿದ್ಲು, ಎಲ್ಲಿ ನೋವು ಅಂತ ತಿಳೀಲಿಲ್ಲ. ಕಡೀಕ ನೋಡಿದ್ರ ಕಿವ್ಯಾಗ ಕೀವು ತುಂಬಿತ್ರಿ. ಮೂರ ಮಂದಿ ಡಾಕ್ಟರ್ ಕಡೆ ಹೋಗಿನಿ. ಎಲ್ಲಾರೂ ಮೊದಲ ಚೀಟಿ ಕೇಳಿದ್ರು. ಚೀಟಿ ಬಿಳೀದ ಐತಿ, ಏನೂ ಇಲ್ಲ, ನಿನಗ ಚಿಂತಿ ಜಾಸ್ತಿ ಅಂದ್ರು. ನಾ ಹೇಳಿದ್ದು ಯಾರೂ ಕೇಳಲಿಲ್ರಿ. ಚೀಟಿ ಹೇಳಿದ್ದ ಎಲ್ಲಾರೂ ಕೇಳಿದ್ರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. "ನೋಡಿ ಹೇಳ್ತೀನಿ" ಎಂದಷ್ಟೇ ಹೇಳಿ ಬಸ್ ನಿಲ್ದಾಣಕ್ಕೆ ಬಂದೆ. ಹೇಡಿತನವೆಂದು ಗೊತ್ತಿದ್ದೇ ಬಂದೆ.

ಮರುದಿನ ಕೇಂದ್ರದಲ್ಲಿ ಭುವನಾಳ ಮಣಿಯ ಗದ್ದಲದ ಕಡತ ತೆರೆದೆ. ಅದನ್ನು ಯಾರೂ ತೆರೆಯುವುದಿಲ್ಲ, ಐದು ವರ್ಷ ಇಟ್ಟು ಅಳಿಸಿಹಾಕುತ್ತೇವೆ. ಅಲ್ಲಿ ಮಾತುಗಳಿಲ್ಲ, ಬರೀ ಗೀಟುಗಳು. ಕರೆದದ್ದಕ್ಕೆ ಒಂದು ಗೀಟು, ಓಗೊಟ್ಟದ್ದಕ್ಕೆ ಇನ್ನೊಂದು. ಒಂದೇ ಹೆಣ್ಣುದನಿ, ಬೆಳಿಗ್ಗೆಯಿಂದ ಸಂಜೆಯವರೆಗೆ, ಮಗ್ಗದ ಸದ್ದಿನ ನಡುವೆ. ಕೂಡಿಸಿ ನೋಡಿದೆ. ಮಹಾನಂದಾ ಮಗಳನ್ನು ಹದಿನೆಂಟು ತಿಂಗಳಲ್ಲಿ ಮೂವತ್ತೊಂದು ಸಾವಿರ ಸಲ ಕರೆದಿದ್ದಳು. ಮಗು ಓಗೊಟ್ಟದ್ದು ಇನ್ನೂರ ಹನ್ನೆರಡು ಸಲ. ಮೊದಲ ತಿಂಗಳು ಎಷ್ಟು ಸಲ ಕರೆದಿದ್ದಳೋ ಕೊನೆಯ ತಿಂಗಳೂ ಅಷ್ಟೇ ಸಲ ಕರೆದಿದ್ದಳು, ಒಂದು ದಿನವೂ ಕಡಿಮೆಯಾಗಿರಲಿಲ್ಲ. ಅದಷ್ಟನ್ನೂ ನಾವು ಗದ್ದಲವೆಂದು ಬದಿಗೆ ಹಾಕಿದ್ದೆವು. ಕಚೇರಿಯಲ್ಲಿ ಅಳುವ ಅಭ್ಯಾಸ ನನಗಿಲ್ಲ, ಅವತ್ತು ಅತ್ತೆ.

ಆಮೇಲೆ ಎಲ್ಲ ಮಣಿಗಳನ್ನೂ ತಿರುಗಿ ಓದಿಸಿದೆ. ಊರಿನ ಮೂರು ಸಾವಿರದ ಆರುನೂರು ಮಣಿಗಳಲ್ಲಿ ಎರಡು ಸಾವಿರದ ನೂರ ಅರವತ್ತು ಮಣಿ ಬೇರೆ ಕೂಸನ್ನು ಕಲಿತಿದ್ದವು. ಒಬ್ಬರ ಮಗುವಿಗೆ ಬಿಳಿ ಚೀಟಿ ಬಂತು, ಪಕ್ಕದವರು ಅದೇ ಮಾಡಿದರು, ಓಣಿಯಿಂದ ಓಣಿಗೆ ಹಬ್ಬಿತು. ನಮ್ಮ ನಕ್ಷೆ ಬೆಳ್ಳಗಾದದ್ದು ಹಾಗೆ.

ಡಾ. ಚಂದ್ರಮೌಳಿಯವರು ಕಡತವನ್ನು ಎರಡು ಸಲ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ವರ್ಷದೊಳಗಿನ ಮಕ್ಕಳಿಗೆ ಹೊಸ ಮಣಿ ಕಟ್ಟಿಸಬಹುದು. ದೊಡ್ಡವರಿಗೆ? ಮಣಿ ಆ ವಯಸ್ಸಿಗೆ ಕೆಲಸ ಮಾಡಲ್ಲ."

"ಡಾಕ್ಟರು ಕೂತು ನೋಡ್ಲಿ ಸರ್. ಮಣಿ ಬರೂಕಿಂತ ಮೊದಲ ಹಂಗೇ ನೋಡ್ತಿದ್ರಲ್ಲ."

"ಹಾಗೆ ನೋಡೋಕೆ ಬರೋರು ಈಗ ಎಷ್ಟು ಜನ ಉಳಿದಿದ್ದಾರೆ ಹೇಳಿ. ಮಣಿ ಬಂದ ಮೇಲೆ ಕಲಿಯೋದನ್ನೇ ಬಿಟ್ರು." ಕನ್ನಡಕವನ್ನು ಮತ್ತೆ ಕೈಗೆತ್ತಿಕೊಂಡರು. "ಈ ತಪ್ಪು ಹೊರಗೆ ಬಂದ್ರೆ ಎಲ್ಲ ಊರಲ್ಲೂ ಮಣಿ ಕಿತ್ತು ಬಿಸಾಕ್ತಾರೆ. ಆಗ ಬೇರೆ ಮಕ್ಕಳ ಗತಿ?"

"ಆ ಮೂವತ್ತಾರು ಮಕ್ಕಳ ಗತಿ ಏನು ಸರ್?"

ಅವರು ಕೆಟ್ಟವರಲ್ಲ. ನನ್ನ ಸ್ಥಾನದಲ್ಲಿ ಅವರಿದ್ದಿದ್ದರೆ ಅವರೂ ಹೀಗೇ ಕೇಳುತ್ತಿದ್ದರು, ಅವರ ಸ್ಥಾನದಲ್ಲಿದ್ದರೆ ನಾನೂ ಹಾಗೇ ಅನ್ನುತ್ತಿದ್ದೆನೇನೋ. ಹನ್ನೊಂದು ದಿನ ಹಗ್ಗಜಗ್ಗಾಟ ನಡೆಯಿತು. ಕೊನೆಗೆ ವರದಿಯನ್ನು ಕೈಬಿಟ್ಟರು, ಆಟದಕ್ಕಂದಿರ ವರ್ಗಾವಣೆ ನಿಂತಿತು. ನಿವೃತ್ತರಾದ ಒಬ್ಬ ಡಾಕ್ಟರಮ್ಮ ಹುಬ್ಬಳ್ಳಿಯಿಂದ ಬಂದು ಓಣಿ ಓಣಿ ತಿರುಗಿ ಮಕ್ಕಳನ್ನು ನೋಡತೊಡಗಿದರು. ಭುವನಾಳ ಜೊತೆ ಗೋಡೆಗೆ ಕೆನ್ನೆಯೊತ್ತಿ ಮುಕ್ಕಾಲು ಗಂಟೆ ಕೂತು, ಎದ್ದು, ಹಳದಿ ಚೀಟಿಗೆ ಸಹಿ ಹಾಕಿದರು. ಐದು ವರ್ಷದ ನಿಯಮವನ್ನು ಮಾತ್ರ ಯಾರೂ ಮುಟ್ಟಲು ಒಪ್ಪಲಿಲ್ಲ. ಅವಳಿಗೆ ಐದು ತುಂಬಲು ಮೂರೂವರೆ ತಿಂಗಳಿತ್ತು. ಅಷ್ಟು ದಿನಕ್ಕೆ ಒಬ್ಬ ಆಟದಕ್ಕನನ್ನು ಕೊಟ್ಟು ಆದೇಶವಾಯಿತು.

ಆ ಆದೇಶವನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ನಾನೇ ಒಯ್ದೆ.

ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗಗಳೆಲ್ಲ ನಿಂತಿದ್ದವು. ಮಹಾನಂದಾ ಅಂಗಳದ ಕಟ್ಟೆಯ ಮೇಲೆ ಮಗಳ ತಲೆ ಬಾಚುತ್ತ ಕೂತಿದ್ದಳು. ಭುವನಾ ಗೋಡೆಯ ಕಡೆಗೇ ತಿರುಗಿ, ಅದು ಯಾಕೆ ಸುಮ್ಮನಾಯಿತು ಎಂಬಂತೆ ಅಂಗೈಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮಣಿ ಹೇಗೆ ಕಲಿಯುತ್ತದೆ, ಒಂಬತ್ತು ದಿನದಲ್ಲಿ ಏನಾಯಿತು, ಆ ನಿಯಮ ಬರೆದವಳು ನಾನೇ ಎಂಬುದನ್ನೂ. ಅವಳು ಜಡೆ ಹೆಣೆಯುತ್ತಲೇ ಕೇಳಿದಳು.

"ನಾವು ಹಂಗ ಕಟ್ಟಿದ್ದಕ್ಕ ಈಕಿಗೆ ಹಿಂಗ ಆತೇನ್ರಿ?"

"ಇಲ್ಲವ್ವಾ. ಅದು ಹುಟ್ಟಿನಿಂದ ಬಂದದ್ದು. ಮಣಿಯಿಂದ ಯಾರಿಗೂ ಏನೂ ಆಗೂದಿಲ್ಲ." ಇದು ನಿಜವಾಗಿತ್ತು, ಧೈರ್ಯವಾಗಿ ಹೇಳಿದೆ.

"ಮತ್ತ ಆವಾಗ ಹಳದೀ ಚೀಟಿ ಬಂದಿದ್ರ? ಈಕಿ ಎರಡು ವರ್ಷದಾಕಿ ಇದ್ದಾಗ ಈ ಅಕ್ಕಾರು ಬಂದಿದ್ರ? ಏನರ ಫರಕ ಆಗತಿತ್ತೇನ್ರಿ?"

ಅವಳ ಕೈ ನಿಂತಿತ್ತು. ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಮುಖಕ್ಕೆ ನಿಜ ಹೇಳುವುದು ನನ್ನಿಂದ ಆಗಲಿಲ್ಲ.

"ಇಲ್ಲ. ಏನೂ ಫರಕ ಆಗ್ತಿದ್ದಿಲ್ಲ," ಅಂದೆ.

ಮಹಾನಂದಾ ಉಸಿರು ಬಿಟ್ಟಳು. ಜಡೆಯ ತುದಿಗೆ ರಿಬ್ಬನ್ ಕಟ್ಟಿದಳು. ಆಮೇಲೆ ಆದೇಶದ ಕಾಗದವನ್ನು ಮಡಚಿ ಮೆಲ್ಲಗೆ ನನ್ನ ಕಡೆ ಸರಿಸಿದಳು.

"ಹಂಗಾರ ಇದು ಬ್ಯಾಡ ಬಿಡ್ರಿ ಮೇಡಮ್ಮಾರ."

"ಯಾಕ?"

"ಮೂರು ವರ್ಷ ಬಂದಿದ್ರೂ ಆಗಲಾರದ್ದು ಈಗ ಮೂರ ತಿಂಗಳದಾಗ ಏನ ಆಗತೈತ್ರಿ. ನಮ್ಮ ನಾದಿನಿಗೆ ವರಾ ನೋಡಾಕ ಬರಾತಾರ. ದಿನಾ ಆಟದಕ್ಕಾರು ಬಾಗಲಕ್ಕ ಬಂದ್ರ ಮಂದಿ ಕೇಳತಾರ. ಹಳದೀ ಚೀಟಿ ಬಂತಂತ ಅತ್ತಿ ನಿನ್ನೆಯಿಂದ ಉಂಡಿಲ್ರಿ. ಏನೂ ಆಗೂದಿಲ್ಲಂದ ಮ್ಯಾಲೆ ಸುಮ್ಮನ ಯಾಕ ಎಲ್ಲಾರಿಗೂ ತ್ರಾಸು."

ಕಾಗದ ನನ್ನ ಮೊಣಕಾಲಿನ ಮೇಲಿತ್ತು. ಆ ಮೂರೂವರೆ ತಿಂಗಳಿಗಾಗಿ ನಾನು ಹನ್ನೊಂದು ದಿನ ಜಗಳಾಡಿದ್ದೆ. ಅವಳನ್ನು ನೋವಿನಿಂದ ಉಳಿಸಲು ಹೇಳಿದ ಒಂದೇ ಮಾತಿನಿಂದ ಆ ಮಗುವಿನ ಕೈಯಲ್ಲಿ ಉಳಿದಿದ್ದ ಅಷ್ಟನ್ನೂ ನಾನೇ ಕಿತ್ತುಕೊಂಡಿದ್ದೆ. ಅವಳ ಕೈ ಹಿಡಿದುಕೊಂಡೆ.

"ಮಹಾನಂದಾ, ನಾ ಸುಳ್ಳ ಹೇಳಿದೆ. ಫರಕ ಆಗ್ತಿತ್ತು."

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಮಗಳ ಬೆನ್ನನ್ನೇ ನೋಡುತ್ತ ಕೇಳಿದಳು.

"ಎಷ್ಟ?"

"ಎರಡನೇ ವರ್ಷಕ್ಕ ಶುರು ಮಾಡಿದ್ರ ಹತ್ತು ಮಕ್ಕಳೊಳಗ ಆರು ಮಕ್ಕಳು ತಮಗ ಏನು ಬೇಕು, ಏನು ನೋವು ಅಂತ ಹೇಳೂದು ಕಲೀತಾವ."

"ಈಗ ಮಾಡಿದ್ರ?"

"ಹತ್ತರೊಳಗ ಎರಡು."

ಅವಳು ಅಳಲಿಲ್ಲ. ಮಗಳ ಎರಡನೇ ಜಡೆ ಹಾಕಲು ಶುರುಮಾಡಿದಳು, ಅರ್ಧಕ್ಕೆ ಬಿಟ್ಟಳು, ಮತ್ತೆ ಬಿಚ್ಚಿ ಮೊದಲಿನಿಂದ ಹಾಕಿದಳು. ಕರೆಂಟ್ ಬಂತು, ಪಡಸಾಲೆಯಲ್ಲಿ ಮಗ್ಗಗಳು ಒಂದೊಂದಾಗಿ ಶುರುವಾದವು. ಭುವನಾ ಅವ್ವನ ಕೈಯಿಂದ ಜಡೆ ಬಿಡಿಸಿಕೊಂಡು ಪಡಸಾಲೆಯ ಗೋಡೆಯ ಕಡೆ ಓಡಿದಳು. ಮಹಾನಂದಾ ಅವಳ ಹೆಸರು ಹಿಡಿದು ಕರೆದಳು. ಮಗು ತಿರುಗಲಿಲ್ಲ.

ಆಗ ಅವಳು ನನ್ನ ಮೊಣಕಾಲಿನ ಮೇಲಿದ್ದ ಕಾಗದವನ್ನು ತೆಗೆದುಕೊಂಡು, ಬಿಚ್ಚಿ, ಸೆರಗಿನಿಂದ ಒರೆಸಿ ನೋಡಿದಳು. ಮಗ್ಗದ ಸದ್ದಿನಲ್ಲಿ ನನಗೆ ಕೇಳಿಸಲೆಂದು ದನಿ ಎತ್ತಿ ಕೇಳಿದಳು.

"ಆ ಅಕ್ಕಾರು ನಾಳೆ ಎಷ್ಟ ಗಂಟೇಕ್ಕ ಬರತಾರ್ರಿ?"

"ಹತ್ತಕ್ಕ."

"ಎಂಟಕ್ಕ ಬರಾಕ ಹೇಳ್ರಿ," ಅಂದಳು.